ಹಳೇ ಮದರಾಸು ರಸ್ತೆ ಮತ್ತು ಹೊಸ ಸೋಂಕು

ಸುಗಟೂರಿನ ಪಾಳೆಯಗಾರ ತಮ್ಮೇಗೌಡ 1595ರ ಸುಮಾರಿಗೆ ಕಟ್ಟಿಸಿದ ಕೋಟೆಯಿಂದ ಹೆಸರು ಪಡೆದ ಹೊಸಕೋಟೆಯು ಕೋಟೆಯ ಕಾಲ ಮುಗಿದ ಮೇಲೂ ದಾರಿಗಳು ಕೂಡುವ ಊರಾಗಿಯೇ ಉಳಿಯಿತು. ಬೆಂಗಳೂರಿನಿಂದ ಕೋಲಾರ, ಮುಳಬಾಗಿಲುಗಳ ಮೂಲಕ ಚೆನ್ನೈಗೆ ಸಾಗುವ ಹಳೇ ಮದರಾಸು ರಸ್ತೆಯಿಂದ ಚಿಂತಾಮಣಿಯ ದಾರಿ ಕವಲೊಡೆಯುವುದು ಇಲ್ಲಿ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಸೂಲಿಬೆಲೆಗಳನ್ನು ಹಾದು ಬಂದ ಹೆದ್ದಾರಿಯು ಆ ರಸ್ತೆಯನ್ನು ದಾಟಿ ಹೊಸೂರಿನತ್ತ ಹೊರಳುವುದೂ ಇಲ್ಲಿಯೇ. ಎಚ್‌ಐವಿ ಹರಡಿದ ಬಗೆಯನ್ನೂ ಅದನ್ನು ತಡೆಯಲು ನಡೆದ ಯತ್ನಗಳನ್ನೂ ಅರಿಯಲು ಇಂತಹ ಕೂಡುದಾರಿಯ ಊರು ತಕ್ಕ ನೆಲೆ, ಏಕೆಂದರೆ ದಾರಿಯ ಮೇಲೆ ಹೊರಿಸಿದ ಆರೋಪ ಎಷ್ಟು ನಿಜ, ಎಷ್ಟು ಅನ್ಯಾಯ ಎಂಬ ಪ್ರಶ್ನೆಗೆ ಇಲ್ಲಿಂದಲೇ ಉತ್ತರ ಹುಡುಕಬಹುದು.

ಬೆಂಗಳೂರು ಜಿಲ್ಲೆಯನ್ನು ವಿಭಜಿಸಿ ಹೊಸಕೋಟೆಯನ್ನು ಗ್ರಾಮಾಂತರ ಜಿಲ್ಲೆಗೆ ಸೇರಿಸಿದ 1986ರಲ್ಲಿಯೇ, ಈ ರಸ್ತೆಯ ಇನ್ನೊಂದು ತುದಿಯಾದ ಚೆನ್ನೈನಲ್ಲಿ, ವೈದ್ಯೆ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ನಿರ್ಮಲಾ ಅವರು ಸಂಗ್ರಹಿಸಿದ ರಕ್ತದ ಮಾದರಿಗಳಿಂದ ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾಯಿತು. ಆ ಮಾದರಿಗಳು ಲೈಂಗಿಕ ವೃತ್ತಿಯ ಮಹಿಳೆಯರವಾಗಿದ್ದುದರಿಂದ, ರೋಗವು ಎಲ್ಲಿ ಹುಡುಕಿದಾಗ ಸಿಕ್ಕಿತೋ ಅಲ್ಲಿಯೇ ಹುಟ್ಟಿತೆಂಬ ತಪ್ಪು ಭಾವನೆ ಬೇರೂರಿತು. ಅವರ ಬಳಿಗೆ ಹೋದವರು ಯಾರೆಂಬ ಪ್ರಶ್ನೆ ಎದ್ದಾಗ ಬೆರಳು ಲಾರಿ ಚಾಲಕರತ್ತ ತಿರುಗಿತು.

ಎಚ್‌ಐವಿ ಎಂಬುದು ದೇಹದ ರೋಗನಿರೋಧಕ ಶಕ್ತಿಯನ್ನು ಕ್ರಮೇಣ ಕುಂದಿಸುವ ವೈರಾಣು. ಆ ಶಕ್ತಿ ತೀರ ಕುಸಿದು ಕ್ಷಯದಂತಹ ರೋಗಗಳು ಮುತ್ತುವ ಕೊನೆಯ ಹಂತಕ್ಕೆ ಏಡ್ಸ್ ಎಂದು ಹೆಸರು. 1898ರಲ್ಲಿ ಬೆಂಗಳೂರಿಗೆ ರೈಲುದಾರಿಯಿಂದ ಬಂದ ಪ್ಲೇಗು ಕೆಲವೇ ದಿನಗಳಲ್ಲಿ ಜ್ವರ, ಗಡ್ಡೆಗಳಾಗಿ ಕಾಣಿಸಿಕೊಳ್ಳುತ್ತಿದ್ದುದರಿಂದ ಪ್ರಯಾಣಿಕರನ್ನು ತಡೆದು ತಪಾಸಿಸುವುದಕ್ಕೆ ಏನಾದರೂ ಅರ್ಥವಿತ್ತು. ಎಚ್‌ಐವಿಯಾದರೋ ಎಂಟು ಹತ್ತು ವರ್ಷ ಯಾವ ಲಕ್ಷಣವನ್ನೂ ತೋರದೆ ಇರಬಲ್ಲದು. ಅದನ್ನು ಯಾವ ಸುಂಕದಕಟ್ಟೆಯಲ್ಲಿಯೂ ನಿಲ್ಲಿಸಿ ಹಿಡಿಯಲಾಗದು.

ವಾರಗಟ್ಟಲೆ ಮನೆ ಬಿಟ್ಟಿರುವ ಚಾಲಕ ಮತ್ತು ಕ್ಲೀನರ್, ಸರಕಿಗಾಗಿ ಊರಂಚಿನಲ್ಲಿ ಕಾಯುವ ರಾತ್ರಿಗಳು, ಬಡತನದಿಂದ ರಸ್ತೆಬದಿಗೆ ಬಂದ ಹೆಣ್ಣುಮಕ್ಕಳು, ಇವೆಲ್ಲ ಸೋಂಕಿಗೆ ಅವಕಾಶವಿತ್ತವೆಂಬುದು ನಿಜ. ಆದರೆ ಅವಕಾಶವಿತ್ತದ್ದು ದುಡಿಮೆಯ ಕ್ರಮವೇ ಹೊರತು ಒಂದು ಕಸುಬಿನ ಜನರ ಸ್ವಭಾವವಲ್ಲ. ರಾಜ್ಯದಲ್ಲಿ ಸೋಂಕಿನ ಹೊರೆ ಹೆಚ್ಚಾಗಿ ಬಿದ್ದುದು ಬಾಗಲಕೋಟೆ, ಬೆಳಗಾವಿಯಂತಹ ಉತ್ತರದ ಜಿಲ್ಲೆಗಳ ಮೇಲೆ, ಅಲ್ಲಿನ ಹಳ್ಳಿಗಳ ಮೇಲೂ. ಮನೆಯ ಹೊಸ್ತಿಲು ದಾಟದ ಎಷ್ಟೋ ಗೃಹಿಣಿಯರಿಗೆ ಸೋಂಕು ಬಂದುದು ಸ್ವಂತ ಗಂಡನಿಂದ. ಗಂಡ ತೀರಿಕೊಂಡ ಮೇಲೆ ಅಪವಾದವನ್ನು ಹೊತ್ತವಳೂ ಅವಳೇ. ಈ ಚರಿತ್ರೆಯಲ್ಲಿ ಅತ್ಯಂತ ನೋವಿನ ಅಧ್ಯಾಯ ಇದು.

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ 1992ರಲ್ಲಿಯೂ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ 1997ರಲ್ಲಿಯೂ ಸ್ಥಾಪನೆಯಾದವು. ರಕ್ತದ ಮೂಲಕವೂ ಸೋಂಕು ದಾಟುವುದರಿಂದ, ಸುಪ್ರೀಂ ಕೋರ್ಟಿನ ಆದೇಶದಂತೆ 1998ರಿಂದ ಹಣಕ್ಕೆ ರಕ್ತ ಮಾರುವುದು ನಿಷೇಧವಾಯಿತು. ಆದರೆ ಆರಂಭದ ಪ್ರಚಾರವು ಭಯವನ್ನೇ ಉಪಕರಣವಾಗಿ ಬಳಸಿತು. ಭಯಗೊಂಡವನು ಪರೀಕ್ಷೆಗೆ ಬರುವುದಿಲ್ಲ, ಬಂದರೂ ಹೆಸರು ಹೇಳುವುದಿಲ್ಲ. ತಡೆಗಟ್ಟುವ ಕೆಲಸ ಫಲ ಕೊಡತೊಡಗಿದುದು, ದೂರಲ್ಪಟ್ಟವರನ್ನೇ ಕಾರ್ಯಕರ್ತರನ್ನಾಗಿಸಿದ ಮೇಲೆ: ಮೈಸೂರಿನ ಆಶೋದಯ ಸಮಿತಿ, ಬೆಂಗಳೂರಿನ ಸ್ವಾತಿ ಮಹಿಳಾ ಸಂಘಗಳಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರೇ ತಮ್ಮವರಿಗೆ ಕಾಂಡೋಮ್ ಹಂಚಿದರು, ಚಿಕಿತ್ಸೆಗೆ ಕರೆದೊಯ್ದರು, ಪೊಲೀಸರ ಹಿಂಸೆಯ ವಿರುದ್ಧ ಒಟ್ಟಾಗಿ ನಿಂತರು. ಹೊಡೆತದ ಹೆದರಿಕೆಯಲ್ಲಿರುವವಳು ಗಿರಾಕಿಗೆ ಕಾಂಡೋಮ್ ಬಳಸೆಂದು ಹೇಳುವುದಾದರೂ ಹೇಗೆ ಎಂಬ ಸರಳ ವಿವೇಕ ಈ ಸಂಘಟನೆಯ ಬುನಾದಿಯಾಗಿತ್ತು.

ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳು, ಅಂದರೆ ರಕ್ತಪರೀಕ್ಷೆಗೆ ಮುಂಚೆಯೂ ಅನಂತರವೂ ಗುಟ್ಟಾಗಿ ತಿಳಿಹೇಳುವ ಐಸಿಟಿಸಿಗಳು, ತಾಲ್ಲೂಕು ಮಟ್ಟಕ್ಕೆ ಇಳಿದ ಮೇಲೆ ಗರ್ಭಿಣಿಯರ ಪರೀಕ್ಷೆ ವಾಡಿಕೆಯಾಯಿತು. ಔಷಧಿ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇ 15ರಿಂದ 45ರಷ್ಟಿದ್ದು, ಸಕಾಲದ ಔಷಧಿಯಿಂದ ಅದು ಶೇ 5ಕ್ಕಿಂತ ಕೆಳಗಿಳಿಯುತ್ತದೆ. ಇಷ್ಟು ಸ್ಪಷ್ಟವಾದ ಲಾಭ ಸಾರ್ವಜನಿಕ ಆರೋಗ್ಯದಲ್ಲಿ ವಿರಳ.

ವೈರಾಣು ಹೆಚ್ಚದಂತೆ ತಡೆಯುವ ಔಷಧಿಗಳ ಜೀವನಪರ್ಯಂತದ ಚಿಕಿತ್ಸೆ, ಅಂದರೆ ಎಆರ್‌ಟಿ, 2004ರ ಏಪ್ರಿಲ್‌ನಲ್ಲಿ ಉಚಿತವಾಗಿ ಆರಂಭವಾದಾಗ ಆಯ್ದ ಕೆಲವೇ ಆಸ್ಪತ್ರೆಗಳಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಒಂದಾಗಿತ್ತು. ಹೊಸಕೋಟೆಯ ಕಡೆಯವರಿಗೆ ಅಲ್ಲಿಗೆ ಹೋಗಲು ಇದ್ದುದು ಅದೇ ಹಳೇ ಮದರಾಸು ರಸ್ತೆ. ಸೋಂಕು ತಂದಿತೆಂದು ದೂರಿಸಿಕೊಂಡ ದಾರಿಯೇ ಈಗ ತಿಂಗಳು ತಿಂಗಳ ಮಾತ್ರೆಯ ದಾರಿಯಾಯಿತು. ಪರಿಚಿತರ ಕಣ್ಣಿಗೆ ಬೀಳದಿರಲೆಂದು ಹತ್ತಿರದ ಕೇಂದ್ರವನ್ನು ಬಿಟ್ಟು ದೂರದ್ದನ್ನು ಆರಿಸಿಕೊಳ್ಳುವುದು ಸೋಂಕಿತರಲ್ಲಿ ಎಲ್ಲೆಡೆ ಕಂಡುಬರುವ ಸಂಗತಿ. ಕೂಲಿ ಕಳೆದುಕೊಂಡು, ಬಸ್ಸಿನ ಖರ್ಚು ತೆತ್ತು ಅವರು ಕೊಳ್ಳುತ್ತಿದ್ದುದು ಗುಟ್ಟನ್ನು. 2017ರಿಂದ ಸೋಂಕು ಖಚಿತವಾದೊಡನೆ ಚಿಕಿತ್ಸೆ ಕೊಡುವ ನೀತಿ ಬಂದಿದೆ, ತಪ್ಪದೆ ಮಾತ್ರೆ ಸೇವಿಸಿ ರಕ್ತದಲ್ಲಿ ವೈರಾಣು ಕಾಣದಷ್ಟು ಇಳಿದವರಿಂದ ಸಂಗಾತಿಗೆ ಲೈಂಗಿಕವಾಗಿ ಸೋಂಕು ದಾಟುವುದಿಲ್ಲವೆಂಬುದೂ ಸಿದ್ಧವಾಗಿದೆ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಕಾಯಿದೆಯು ಸೋಂಕಿತರನ್ನು ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ಹೊರಗಿಡುವುದನ್ನೂ ಅವರ ಒಪ್ಪಿಗೆಯಿಲ್ಲದೆ ಗುಟ್ಟು ಹೊರಗೆಡಹುವುದನ್ನೂ ನಿಷೇಧಿಸಿದೆ. ಆದರೂ ಎಆರ್‌ಟಿ ಕೇಂದ್ರದವರು ಕೊಡುವ ಹಸಿರು ಪುಸ್ತಕವು ಎಷ್ಟೋ ಮನೆಗಳಲ್ಲಿ ಇಂದಿಗೂ ಪೆಟ್ಟಿಗೆಯ ತಳದಲ್ಲಿ, ಬಟ್ಟೆಗಳ ಅಡಿಯಲ್ಲಿಯೇ ಇರುತ್ತದೆ.