ಅಡುಗೆಮನೆಯ ನವೀಕರಣ ಮತ್ತು ಮರುವೈರಿಂಗ್ (ಕುಂದಾಪುರ ಸೀಮೆ)

ಅಡುಗೆಮನೆಯ ನವೀಕರಣ ಮತ್ತು ಮರುವೈರಿಂಗ್ ಎಂದರೆ ಹಳೆಯ ಮನೆಯ ಅಡುಗೆಕೋಣೆಯ ಗೋಡೆ, ನೆಲ, ಕಟ್ಟೆ, ಕಪಾಟುಗಳನ್ನು ಸರಿಪಡಿಸುವುದರ ಜೊತೆಗೆ ಅಲ್ಲಿನ ವಿದ್ಯುತ್ ತಂತಿಗಳನ್ನು ಪೂರ್ತಿಯಾಗಿ ಬದಲಾಯಿಸುವ ಕೆಲಸ. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ, ಘಟ್ಟದ ತಪ್ಪಲಿಗೆ ಸಮೀಪದ ಕೆರಾಡಿಯಂತಹ ಹಳ್ಳಿಗಳಲ್ಲಿಯೂ, ಮನೆಯವರು ಇದರ ಬಹುಭಾಗವನ್ನು ಕೈಯಾರೆ ಮಾಡಿಕೊಳ್ಳಬಲ್ಲರು. ಆದರೆ ವೈರಿಂಗ್ ಭಾಗವನ್ನು ಕಾನೂನು ಪರವಾನಗಿ ಹೊಂದಿದ ಗುತ್ತಿಗೆದಾರರಿಗೆ ಬಿಟ್ಟಿದೆ. ಈ ಪ್ರದೇಶದ ಮಳೆ, ಮುರಕಲ್ಲಿನ ಗೋಡೆ ಹಾಗೂ ಮುರಕಲ್ಲಿನ ನೆಲ ಇವು ಈ ಕೆಲಸಕ್ಕೆ ಬೇರೆಡೆ ಇಲ್ಲದ ಕೆಲವು ತೊಡಕುಗಳನ್ನು ತರುತ್ತವೆ.

ಹಳೆಯ ಅಡುಗೆಮನೆಯ ಸ್ವರೂಪ

ಇಲ್ಲಿನ ಹಳೆಯ ಮನೆಗಳು ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆ, ಮಂಗಳೂರು ಹೆಂಚಿನ ಮಾಡು ಮತ್ತು ಮರದ ಅಟ್ಟವನ್ನು ಹೊಂದಿರುತ್ತವೆ. ಅಡುಗೆಮನೆ ಬಹುಮಟ್ಟಿಗೆ ಬಾವಿ ಮತ್ತು ಬಚ್ಚಲಿಗೆ ಹತ್ತಿರ. ಸೌದೆ ಒಲೆ, ಅರೆಯುವ ಕಲ್ಲು, ಅಟ್ಟದಲ್ಲಿ ಒಣಗಿಸಲಿಟ್ಟ ತೆಂಗಿನಕಾಯಿ ಇಲ್ಲಿನ ಸಾಮಾನ್ಯ ದೃಶ್ಯ. ವಿದ್ಯುತ್ ಬಂದಾಗ ಈ ಕೋಣೆಗೆ ಸಿಕ್ಕಿದ್ದು ಹೆಚ್ಚೆಂದರೆ ಒಂದು ದೀಪ. ಭಾಗ್ಯಜ್ಯೋತಿ ಯೋಜನೆಯ ಮನೆಗಳಲ್ಲಂತೂ ಇಡೀ ಮನೆಗೇ ಒಂದು ದೀಪ. ತೇಗದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಎಳೆದ ಆ ತಂತಿಗೆ ಮುಂದೆ ಮಿಕ್ಸಿ, ಗ್ರೈಂಡರ್, ಫ್ರಿಜ್, ಕೊನೆಗೆ ಇಂಡಕ್ಷನ್ ಒಲೆಯೂ ಸೇರಿಕೊಂಡವು. ಇದೇ ತಾಲೂಕಿನ ಹೊಸಂಗಡಿಯಲ್ಲಿ ವಾರಾಹಿ ಯೋಜನೆಯ 460 ಮೆಗಾವಾಟ್ ಸಾಮರ್ಥ್ಯದ ಭೂಗತ ವಿದ್ಯುದಾಗಾರವಿದೆ. ಮಗ್ಗುಲಲ್ಲೇ ಅಷ್ಟು ಶಕ್ತಿ ಉತ್ಪಾದನೆಯಾದರೂ ಮನೆಯೊಳಗಿನ ತಂತಿ ಎಷ್ಟು ಹೊರಬಲ್ಲದೋ ಅಷ್ಟೇ ಬಳಕೆಗೆ ಬರುವುದು.

ಸೌದೆ ಒಲೆಯ ಇಲ್ಲಣ (ಮಸಿ) ತಂತಿಗಳಿಗೆ ದೊಡ್ಡ ಶತ್ರು. ಇಲ್ಲಣದಲ್ಲಿ ಇಂಗಾಲವಿರುತ್ತದೆ, ಮಳೆಗಾಲದ ತೇವವನ್ನು ಹೀರಿದಾಗ ಅದು ಸ್ವಿಚ್ಚು ಮತ್ತು ಹೋಲ್ಡರುಗಳ ಮೇಲೆ ವಿದ್ಯುತ್ ಹರಿಯುವ ಪದರವಾಗುತ್ತದೆ. ಹಳೆಯ ರಬ್ಬರ್ ಹೊದಿಕೆಯ ತಂತಿಗಳು ಶಾಖಕ್ಕೆ ಒಡೆದು ಉದುರುತ್ತವೆ. ಅಟ್ಟದಲ್ಲಿ ಇಲಿಗಳ ಕಾಟ ಬೇರೆ.

ಕಾನೂನಿನ ಮಿತಿ

1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮವು ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಮತ್ತು ಗೃಹೋಪಕರಣಗಳನ್ನು ಬದಲಿಸುವುದನ್ನು ಬಿಟ್ಟು ಉಳಿದ ವಿದ್ಯುತ್ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರೇ ಮಾಡಬೇಕೆಂದು ವಿಧಿಸಿತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ವಿನಿಯಮಗಳು ಇದನ್ನೇ ಮುಂದುವರಿಸಿದವು. ಅವುಗಳ ಸ್ಥಾನದಲ್ಲಿ 2023ರ ವಿನಿಯಮಗಳು ಬಂದಿವೆ. ಆದುದರಿಂದ ಕೆಟ್ಟ ಸ್ವಿಚ್ಚನ್ನು ಬದಲಿಸುವುದು ಮನೆಯವನ ಹಕ್ಕು, ಹೊಸ ಮಾರ್ಗ ಎಳೆಯುವುದು ಅಲ್ಲ. ಕರ್ನಾಟಕದಲ್ಲಿ ಪರವಾನಗಿಯ ವಿಷಯ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಸೇರಿದ್ದು. ಹೆಚ್ಚಿನ ಭಾರದ ಮಂಜೂರಾತಿಗೆ ಈ ಭಾಗದಲ್ಲಿ ಮೆಸ್ಕಾಂಗೆ ಅರ್ಜಿ ಸಲ್ಲಿಸಬೇಕು.

ಭಾರದ ಲೆಕ್ಕ

ಇದು ಪ್ರೌಢಶಾಲೆಯ ಲೆಕ್ಕವೇ. ವಾಟ್ ಸಂಖ್ಯೆಯನ್ನು 230 ವೋಲ್ಟಿನಿಂದ ಭಾಗಿಸಿದರೆ ಪ್ರವಾಹವು ಆಂಪಿಯರ್‌ನಲ್ಲಿ ಸಿಗುತ್ತದೆ. 2,000 ವಾಟಿನ ಇಂಡಕ್ಷನ್ ಒಲೆಗೆ ಸುಮಾರು 8.7 ಆಂಪಿಯರ್ ಬೇಕು. ಅದನ್ನು 6 ಆಂಪಿಯರಿನ ಚಿಕ್ಕ ಸಾಕೆಟ್ಟಿಗೆ ಯಾವುದೋ ಅಡಾಪ್ಟರ್ ಮೂಲಕ ಸಿಕ್ಕಿಸುವುದು ತಪ್ಪು. ಅದರೊಂದಿಗೆ 750 ವಾಟಿನ ಮಿಕ್ಸಿ ಮತ್ತು 200 ವಾಟಿನ ಫ್ರಿಜ್ ಒಂದೇ ಮಾರ್ಗದಲ್ಲಿದ್ದರೆ ಪ್ರವಾಹ 13 ಆಂಪಿಯರಿಗೆ ಹತ್ತಿರವಾಗುತ್ತದೆ. ಪ್ರವಾಹ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ದೀಪಕ್ಕೆಂದು ಎಳೆದ ತಂತಿ ಇದನ್ನು ತಾಳದು. ಫ್ಯೂಸು ಪದೇ ಪದೇ ಹೋಗುತ್ತದೆಂದು ಕಿಟ್‌ಕ್ಯಾಟಿಗೆ ದಪ್ಪ ತಾಮ್ರದ ತಂತಿ ಸುತ್ತುವ ರೂಢಿಯುಂಟು. ಆಗ ಫ್ಯೂಸಿನ ಬದಲು ಗೋಡೆಯ ತಂತಿಯೇ ಸುಡುತ್ತದೆ.

ಭಾರತೀಯ ಮಾನಕಗಳ ಪ್ರಕಾರ ದೀಪ ಮತ್ತು ಫ್ಯಾನಿನ ಒಂದು ಉಪಮಾರ್ಗದಲ್ಲಿ 10 ಬಿಂದುಗಳು ಅಥವಾ 800 ವಾಟ್, ಪವರ್ ಉಪಮಾರ್ಗದಲ್ಲಿ ಎರಡು 16 ಆಂಪಿಯರ್ ಸಾಕೆಟ್ಟುಗಳು ಗರಿಷ್ಠ ಮಿತಿ. ದೀಪಕ್ಕೆ 1.5 ಚದರ ಮಿ.ಮೀ., 16 ಆಂಪಿಯರ್ ಸಾಕೆಟ್ಟಿಗೆ 2.5ರಿಂದ 4 ಚದರ ಮಿ.ಮೀ. ತಾಮ್ರದ ತಂತಿ ಬಳಸುವುದು ವಾಡಿಕೆ.

ಮುರಕಲ್ಲಿನ ನೆಲದಲ್ಲಿ ಅರ್ತಿಂಗ್

ಜನರು ಹೆಚ್ಚು ತಪ್ಪಾಗಿ ತಿಳಿದಿರುವ ವಿಷಯವಿದು. ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ; ವಸ್ತುತಃ ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ.

ಗ್ರೈಂಡರಿನೊಳಗೆ ನೀರು ಸೇರಿ ಅದರ ಲೋಹದ ಹೊರಮೈಗೆ ವಿದ್ಯುತ್ ತಗಲಿತೆನ್ನೋಣ. ಅರ್ತಿಂಗ್ ಗುಂಡಿಯ ರೋಧ 20 ಓಮ್ ಇದ್ದರೆ, ಉಳಿದ ರೋಧಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಭೂಮಿಗೆ ಹರಿಯುವ ಪ್ರವಾಹ 11.5 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ ಇದಕ್ಕೆ ಬೀಳುವುದಿಲ್ಲ. ಗ್ರೈಂಡರ್ ತಿರುಗುತ್ತಲೇ ಇರುತ್ತದೆ, ಅದರ ಹೊರಮೈಯಲ್ಲಿ ಅಪಾಯವೂ ಉಳಿದಿರುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಹಿಟ್ಟು ತೆಗೆಯುವವರು ಅದನ್ನು ಮುಟ್ಟುತ್ತಾರೆ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಗುಂಡಿಯ ರೋಧ ಇನ್ನೂ ಏರುತ್ತದೆ. ಪೈಪ್ ವಿಧಾನದಲ್ಲಿ ಕನಿಷ್ಠ 2.5 ಮೀಟರ್ ಉದ್ದದ ಜಿಐ ಕೊಳವೆಯನ್ನು ಇದ್ದಿಲು ಮತ್ತು ಉಪ್ಪಿನೊಂದಿಗೆ ಹೂಳಿ, ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ಎಷ್ಟೋ ಮನೆಗಳಲ್ಲಿ ಆ ಗುಂಡಿ ತರಗೆಲೆಯಡಿ ಮರೆತುಹೋಗಿರುತ್ತದೆ.

ಈ ಕೊರತೆಯನ್ನು ತುಂಬುವ ಸಾಧನ ಆರ್‌ಸಿಸಿಬಿ. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಬಂದರೆ ಅದು ಕ್ಷಣಾರ್ಧದಲ್ಲಿ ವಿದ್ಯುತ್ತನ್ನು ಕಡಿಯುತ್ತದೆ, ಮೇಲಿನ 11.5 ಆಂಪಿಯರ್ ಅದರ ದೃಷ್ಟಿಯಲ್ಲಿ ಬಹು ದೊಡ್ಡ ಸೋರಿಕೆ. ಆದರೆ ಒಂದೇ ತುದಿಯಿಂದ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಅದೂ ಕಾಪಾಡದು. ಮಳೆಗಾಲದಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆಂದು ಅದನ್ನು ತೆಗೆದು ನೇರ ಸಂಪರ್ಕ ಕೊಡಿಸಿಕೊಳ್ಳುವವರಿದ್ದಾರೆ. ಅದು ಬೀಳುವುದೇ ಎಲ್ಲೋ ಸೋರಿಕೆಯಿದೆ ಎಂಬ ಸುದ್ದಿ. ಹೊರಗಿನ ದೀಪ, ಪಂಪು, ಒದ್ದೆ ಗೋಡೆಯ ಸಾಕೆಟ್ಟು, ಅಥವಾ ನ್ಯೂಟ್ರಲ್ ಮತ್ತು ಅರ್ತ್ ಎಲ್ಲೋ ತಪ್ಪಾಗಿ ಕೂಡಿಕೊಂಡಿರುವುದು ಸಾಮಾನ್ಯ ಕಾರಣಗಳು. ಒಂದೊಂದೇ ಮಾರ್ಗವನ್ನು ಬೇರ್ಪಡಿಸಿ ಹುಡುಕಿಸಬೇಕು.

ಮನೆಯವರ ಪಾಲಿನ ಕೆಲಸ

ಮಳೆ ಪೂರ್ತಿ ಬಿಟ್ಟು ಗೋಡೆ ಒಣಗಿದ ಮೇಲೆ, ಜನವರಿಯಿಂದ ಏಪ್ರಿಲ್‌ವರೆಗಿನ ಅವಧಿ ಇದಕ್ಕೆ ಸೂಕ್ತ. ಮೊದಲು ಒಲೆ, ತೊಟ್ಟಿ, ಫ್ರಿಜ್ಜುಗಳ ಜಾಗವನ್ನು ಗೋಡೆಯ ಮೇಲೆಯೇ ಸೀಮೆಸುಣ್ಣದಲ್ಲಿ ಬರೆದು, ಅಡುಗೆ ಮಾಡುವವರನ್ನು ನಿಲ್ಲಿಸಿ ನೋಡಬೇಕು. ಈ ಒಂದು ದಿನವನ್ನು ಉಳಿಸಹೋಗಿ ಆಮೇಲೆ ಟೈಲ್ಸ್ ಒಡೆಸುವವರೇ ಹೆಚ್ಚು. ಸಾಕೆಟ್ಟುಗಳು ಕಟ್ಟೆಯಿಂದ ಒಂದು ಗೇಣಿನಷ್ಟು ಮೇಲಿರಲಿ. ನಲ್ಲಿಯ ಹತ್ತಿರ ಅಥವಾ ಒಲೆಯ ನೇರ ಹಿಂದೆ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ಕೆಳಗೆ ಸಂಗ್ರಹವಾಗುತ್ತದೆ. ಸಿಲಿಂಡರ್ ಇಡುವ ಗೂಡಿನೊಳಗೆ ಸ್ವಿಚ್ಚು, ಸಾಕೆಟ್ಟು ಇರಕೂಡದು.

ಮೇನ್ ಸ್ವಿಚ್ ಆರಿಸಿ, ಟೆಸ್ಟರಿನಿಂದ ನೋಡಿದ ಮೇಲೆಯೇ ಗೋಡೆಗೆ ಉಳಿ ಹಾಕಬೇಕು. ಗುತ್ತಿಗೆದಾರರು ಗುರುತು ಮಾಡಿದ ಗೆರೆಯಲ್ಲಿ ಕೊಳವೆಗೆ ಕಾಲುವೆ ಕೊರೆಯುವುದನ್ನು ಮನೆಯವರೇ ಮಾಡಬಹುದು. ಮುರಕಲ್ಲು ಸರಂಧ್ರ ಮತ್ತು ಮೆದು. ಉಳಿ ಜಾರಿದರೆ ಅಂಗೈಯಗಲದ ಚಕ್ಕೆ ಏಳುತ್ತದೆ. ಕಾಲುವೆಗಳು ಲಂಬವಾಗಿರಬೇಕು, ಉದ್ದನೆಯ ಅಡ್ಡ ಕಾಲುವೆ ಗೋಡೆಯನ್ನು ದುರ್ಬಲಗೊಳಿಸುತ್ತದೆ. ಬರಿಯ ಮುರಕಲ್ಲಿನಲ್ಲಿ ಪ್ಲಾಸ್ಟಿಕ್ ಗಟ್ಟಾ ಸಡಿಲವಾಗುವುದರಿಂದ ಭಾರದ ಕಪಾಟಿಗೆ ರಂಧ್ರವನ್ನು ದೊಡ್ಡದು ಮಾಡಿ ಸಿಮೆಂಟಿನಲ್ಲಿ ಕೊಂಡಿ ಕೂರಿಸುವುದು ಮೇಲು. ಗೆದ್ದಲಿನ ಕಾರಣ ತೊಟ್ಟಿಯ ಕೆಳಭಾಗದಲ್ಲಿ ಮರದ ಬದಲು ಕಡಪ ಕಲ್ಲಿನ ಹಲಗೆ ಹೆಚ್ಚು ಬಾಳುತ್ತದೆ. ಟೈಲ್ಸ್, ಬಣ್ಣ ಇತ್ಯಾದಿಗಳು ಬೇರೆಡೆಯಂತೆಯೇ. ಗಾರೆಯನ್ನು ಕನಿಷ್ಠ ಏಳು ದಿನ ನೀರುಣಿಸಿ, ಪೂರ್ತಿ ಒಣಗಿದ ನಂತರ ಸಾಕೆಟ್ಟು ಕೂರಿಸಬೇಕು.

ಮುಚ್ಚುವ ಮೊದಲು ಪ್ರತಿ ಗೋಡೆಯ ಕೊಳವೆಗಳ ಛಾಯಾಚಿತ್ರವನ್ನು ಅಳತೆಪಟ್ಟಿಯ ಸಮೇತ ತೆಗೆದಿಟ್ಟುಕೊಂಡರೆ ಮುಂದೆ ಮೊಳೆ ಹೊಡೆಯುವಾಗ ಉಪಯೋಗವಾಗುತ್ತದೆ.

ಪರೀಕ್ಷೆ

ವಿದ್ಯುತ್ ಹರಿಸುವ ಮುನ್ನ ಗುತ್ತಿಗೆದಾರರು 500 ವೋಲ್ಟಿನ ಮೆಗ್ಗರಿನಿಂದ ತಂತಿಗಳ ನಿರೋಧಕತೆಯನ್ನು ಅಳೆಯಬೇಕು. ಅದು 1 ಮೆಗಾಓಮಿಗಿಂತ ಕಡಿಮೆಯಿರಬಾರದು. ಅರ್ತಿಂಗ್ ಗುಂಡಿಯ ರೋಧವನ್ನು ಬೇಸಿಗೆಯಲ್ಲೇ ಅಳೆಸಿ, ಅಂಕಿಯನ್ನು ಮೀಟರ್ ಹಲಗೆಯ ಬಳಿ ಬರೆದಿಡುವುದು ಒಳ್ಳೆಯದು. ಆರ್‌ಸಿಸಿಬಿಯ ಮೇಲಿರುವ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದಾಗ ಅದು ಬೀಳದಿದ್ದರೆ ಬದಲಿಸಬೇಕು.