ನಗ್ಗರಿನ ನೀಲಿ ಬೆಟ್ಟ, ಕನಕಪುರ ರಸ್ತೆಯ ತೋಟ

ದೆಹಲಿಗೆ ಬಂದು ಇಪ್ಪತ್ತೇಳು ವರ್ಷವಾಯ್ತು. ಇಲ್ಲಿದ್ದುಕೊಂಡು ಮನಾಲಿಗೆ ಹೋಗದವರು ಯಾರಿದ್ದಾರೆ ಹೇಳಿ! ನಾವೂ ಮೂರು ಸಲ ಹೋಗಿದ್ದೆವು. ಮೂರು ಸಲವೂ ಪತ್ಲಿಕುಹಲ್‌ನಲ್ಲಿ ಚಹಾ ಕುಡಿದು, ಬಿಯಾಸ್ ನದಿಯ ಆಚೆ ದಡದ ನಗ್ಗರ್ ಊರನ್ನು ನೋಡಿಯೂ ನೋಡದವರಂತೆ ಮುಂದೆ ಸಾಗಿದ್ದೆವು. 2024ರ ಅಕ್ಟೋಬರಿನಲ್ಲಿ ಮಾತ್ರ ಬೇಕೆಂದೇ ಅಲ್ಲಿ ಇಳಿದೆವು. ಆ ತಿಂಗಳ 9ಕ್ಕೆ ಚಿತ್ರಕಾರ ನಿಕೋಲಸ್ ರೋರಿಕ್ ಹುಟ್ಟಿ 150 ವರ್ಷ.

ನಾನು ಬಿ.ಕಾಂ. ಓದಿ ಬ್ಯಾಂಕ್ ಸೇರಿದವನು. ಚಿತ್ರಕಲೆ ಅಂದರೆ ನಮ್ಮ ಬ್ರಾಂಚಿನ ಕ್ಯಾಲೆಂಡರ್, ಅಷ್ಟೇ. ಆದರೆ ಹಿಂದೊಮ್ಮೆ ರಜೆಯಲ್ಲಿ ಬೆಂಗಳೂರಿಗೆ ಹೋಗಿದ್ದಾಗ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಚಿತ್ರಗಳನ್ನು ನೋಡಿದ್ದೆ. ಬೆಟ್ಟಗಳೆಲ್ಲ ನೀಲಿ, ನೇರಳೆ! "ಇಷ್ಟು ನೀಲಿ ಬೆಟ್ಟ ಎಲ್ಲಾದರೂ ಇರುತ್ತದೆಯೇ, ಬಣ್ಣ ಅಗ್ಗಕ್ಕೆ ಸಿಕ್ಕಿರಬೇಕು" ಎಂದು ನಗೆಯಾಡಿದ್ದೆ.

ರೋರಿಕ್ 1874ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದವರು. 1913ರಲ್ಲಿ ಪ್ಯಾರಿಸ್ಸಿನಲ್ಲಿ ಗದ್ದಲವೆಬ್ಬಿಸಿದ ಸ್ಟ್ರಾವಿನ್ಸ್ಕಿಯ ಬ್ಯಾಲೆಗೆ ರಂಗಸಜ್ಜಿಕೆ ಮಾಡಿದವರು ಇವರೇ. 1923ರ ಕೊನೆಗೆ ಭಾರತಕ್ಕೆ ಬಂದರು. ಮಧ್ಯ ಏಷ್ಯಾ, ಟಿಬೆಟ್ ಎಲ್ಲ ಸುತ್ತಿ 1928ರಲ್ಲಿ ನಗ್ಗರಿನಲ್ಲಿ ನೆಲೆಸಿದರು. ಅಲ್ಲೇ 'ಉರುಸ್ವತಿ' ಎಂಬ ಹಿಮಾಲಯ ಸಂಶೋಧನಾ ಸಂಸ್ಥೆ ಕಟ್ಟಿದರು. ಯುದ್ಧ ಬಂದರೂ ಮ್ಯೂಸಿಯಂ, ಶಾಲೆ, ಸ್ಮಾರಕಗಳನ್ನು ಮುಟ್ಟಬಾರದು ಎಂಬ ಒಪ್ಪಂದ ಅವರ ಕನಸು. 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕ ಖಂಡಗಳ 21 ದೇಶಗಳು ಅದಕ್ಕೆ ಸಹಿ ಹಾಕಿದವು. ಅದಕ್ಕೆ ರೋರಿಕ್ ಒಪ್ಪಂದವೆಂದೇ ಹೆಸರು.

ಅವರ ಮನೆಯ ಕೆಳಗಿನ ಇಳಿಜಾರಿನಲ್ಲಿ ಒಂದು ಬಂಡೆಯಿದೆ. 1947ರ ಡಿಸೆಂಬರ್ 13ರಂದು ತೀರಿಕೊಂಡ ರೋರಿಕ್ ಅವರ ದಹನವಾದದ್ದು ಅಲ್ಲಿ. ಭಾರತದ ಮಿತ್ರ, ಮಹರ್ಷಿ ಎಂದು ಹಿಂದಿಯಲ್ಲಿ ಕೆತ್ತಿದ್ದಾರೆ. ನಾವೂ ಒಂದು ಹಿಡಿ ಚೆಂಡುಹೂ ಇಟ್ಟೆವು. ಸಂಜೆ ಅಲ್ಲೇ ಕೂತಿದ್ದಾಗ ಬಿಸಿಲು ಇಳಿಯಿತು ನೋಡಿ... ಎದುರಿನ ಬೆಟ್ಟ ಮೊದಲು ಬೂದಿ, ಆಮೇಲೆ ನೀಲಿ, ಕೊನೆಗೆ ನೇರಳೆ! ನಮ್ಮ ಮನೆಯವಳು ನನ್ನ ಮುಖ ನೋಡಿ, "ಬಣ್ಣ ಅಗ್ಗಕ್ಕೆ ಸಿಕ್ಕಿತ್ತಾ?" ಅಂದಳು. ನಾನು ಮಾತಾಡಲಿಲ್ಲ.

ಇನ್ನು ನಮ್ಮ ಕರ್ನಾಟಕದ ಕಥೆ. ಕಿರಿಯ ಮಗ ಸ್ವೆತೊಸ್ಲಾವ್ ರೋರಿಕ್ ಕೂಡ ಚಿತ್ರಕಾರರು. ದೆಹಲಿಯ ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲಿಗೆ ನೆಹರೂ ಚಿತ್ರ ಬರೆದುಕೊಟ್ಟವರು ಅವರೇ. 1945ರಲ್ಲಿ ನಟಿ ದೇವಿಕಾ ರಾಣಿಯವರನ್ನು ಮದುವೆಯಾಗಿ, ಮುಂದೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನೆಲೆ ನಿಂತರು. ಸುಮಾರು 468 ಎಕರೆ, ತುಂಬ ಸುಗಂಧದ ಎಣ್ಣೆ ತೆಗೆಯುವ ಲಿನಲೋ ಮರಗಳು. ಸ್ವೆತೊಸ್ಲಾವ್ 1993ರ ಜನವರಿಯಲ್ಲಿ ಹೋದರು, ದೇವಿಕಾ ರಾಣಿ 1994ರ ಮಾರ್ಚಿನಲ್ಲಿ. ಮಕ್ಕಳಿರಲಿಲ್ಲ.

ಆಮೇಲೇನಾಯ್ತು? ಎಸ್ಟೇಟಿನ ಜಮೀನು ತನ್ನದೆಂದು ಒಂದು ಕಂಪನಿ ಬಂತು. 1996ರಲ್ಲಿ ರಾಜ್ಯ ಸರ್ಕಾರ ಈ ಎಸ್ಟೇಟಿಗಾಗಿಯೇ ಒಂದು ಸ್ವಾಧೀನ ಕಾಯ್ದೆ ಮಾಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದವರೆಗೆ ಹೋಗಿ, 2011ರ ಆಗಸ್ಟಿನಲ್ಲಿ ಕಾಯ್ದೆ ಊರ್ಜಿತವಾಯಿತು. ಹದಿನೈದು ವರ್ಷ! ಜಗತ್ತಿನ ಸ್ಮಾರಕಗಳನ್ನು ಕಾಯಲು ಒಪ್ಪಂದ ಮಾಡಿಸಿದವರ ಮಗನ ತೋಟ ಅಷ್ಟು ಕಾಲ ಕೋರ್ಟಿನ ಫೈಲಿನಲ್ಲಿತ್ತು. ನಗ್ಗರಿನ ಮನೆಗೆ ಆ ಗತಿ ಬರಲಿಲ್ಲ. ಸ್ವೆತೊಸ್ಲಾವ್ ಕೊನೆಗಾಲದಲ್ಲಿ ಅದನ್ನು ಒಂದು ಟ್ರಸ್ಟಿಗೆ ಒಪ್ಪಿಸಿದ್ದರು. ಆದ್ದರಿಂದಲೇ 150ನೇ ವರ್ಷಕ್ಕೆ ಹೂವಿಡಲು ನಮ್ಮಂಥವರಿಗೂ ಬಾಗಿಲು ತೆರೆದಿತ್ತು.

ನಾಮಿನೇಷನ್ ಇಲ್ಲದ ಠೇವಣಿಗೆ ಮನೆಮಂದಿ ಹೇಗೆ ಕಿತ್ತಾಡುತ್ತಾರೆ ಎಂದು ನಾನು ಕೌಂಟರಿನಲ್ಲಿ ದಿನಾ ನೋಡಿದವನು. ಗ್ರಾಹಕರಿಗೆಲ್ಲ ಬುದ್ಧಿ ಹೇಳಿದ್ದೇ ಹೇಳಿದ್ದು. ನಮ್ಮ ಅಪ್ಪ ಹೋಗಿ ಹನ್ನೊಂದು ವರ್ಷವಾದರೂ ಊರಿನ ಅಡಿಕೆ ತೋಟ ಮಾತ್ರ ಇನ್ನೂ ಅವರ ಹೆಸರಲ್ಲೇ ಇದೆ! ರಜೆ ಸಾಲದು, ಮುಂದಿನ ಸಲ ನೋಡೋಣ ಎನ್ನುತ್ತಲೇ ಬಂದೆ. ಅಪ್ಪ ಕೂತು ಎಲೆ ಹಾಕುತ್ತಿದ್ದ ಕಟ್ಟೆ ಅಲ್ಲಿದೆ. ನಾಳೆ ನನ್ನ ಮಕ್ಕಳು ಅಲ್ಲಿಗೆ ಹೂ ತೆಗೆದುಕೊಂಡು ಹೋದರೆ ಒಳಗೆ ಬಿಡುವವರು ಯಾರು?

ನಗ್ಗರಿನಿಂದಲೇ ಊರಿಗೆ ಫೋನ್ ಮಾಡಿದೆ. "ಅಣ್ಣಾ, ಈ ಸಲ ದೀಪಾವಳಿಗೆ ಬರ್ತೀನಿ. ಪೌತಿ ಖಾತೆ ಮಾಡಿಸಿಬಿಡೋಣ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಲ್ಲಿ ಚಳಿ ಜಾಸ್ತಿಯಾಯ್ತೇನೋ?" ಅಂದ ಅಣ್ಣ.

ಮುಂದಿನ ಸಲ ಮನಾಲಿಗೆ ಹೊರಟರೆ ನೀವೂ ಪತ್ಲಿಕುಹಲ್‌ನಲ್ಲಿ ಇಳಿಯಿರಿ. ಸಂಜೆಯವರೆಗೆ ಮಾತ್ರ ಕಾಯಬೇಕು.