ಬ್ರಾಡ್‌ಮೂರಿನ ಪರಿಚಾರಕರು

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳು ಹೇಳಲ್ಪಟ್ಟಿವೆ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳುಂಟು. ಉಪಚಾರಜ್ಞಾನ, ದಕ್ಷತೆ, ಭರ್ತೃವಿನಲ್ಲಿ ಅನುರಾಗ, ಶೌಚ ಇವು ಪರಿಚಾರಕನ ಗುಣಗಳು. ಸ್ಮೃತಿ, ಹೇಳಿದಂತೆ ನಡೆಯುವಿಕೆ, ನಿರ್ಭಯತೆ, ತನ್ನ ಬಾಧೆಯನ್ನು ತಿಳಿಸುವ ಶಕ್ತಿ ಇವು ರೋಗಿಯ ಗುಣಗಳು. ಉನ್ಮಾದದ ಆವೇಶದಲ್ಲಿ ಕೊಲೆಯನ್ನೇ ಮಾಡಿ ಬಂದ ರೋಗಿಯಲ್ಲಿ ಈ ಕಡೆಯ ನಾಲ್ಕು ಗುಣಗಳನ್ನು ಅಪೇಕ್ಷಿಸುವುದೆಂತು? ಅವನು ಎಲ್ಲರನ್ನೂ ಶಂಕಿಸುವನು. ತನಗೆ ರೋಗವಿದೆಯೆಂದೇ ಒಪ್ಪನು. ಹೀಗೆ ನಾಲ್ಕನೆಯ ಪಾದವು ಮುರಿದಾಗ ಅದರ ಭಾರವೆಲ್ಲವೂ ಪರಿಚಾರಕನ ಮೇಲೆ ಬೀಳತಕ್ಕದ್ದು. ಆ ಭಾರವು ಮೈಗಿಂತಲೂ ಮನಸ್ಸಿಗೆ ಹೆಚ್ಚಿನದು ಎಂಬುದಕ್ಕೆ ಇಂಗ್ಲೆಂಡಿನ ಬ್ರಾಡ್‌ಮೂರ್ ಆಲಯದ ಚರಿತ್ರೆಯು ಉತ್ತಮ ನಿದರ್ಶನವಾಗಿದೆ.

ಈ ಆಲಯದ ಮೂಲವು ನ್ಯಾಯಶಾಸನದಲ್ಲಿದೆ. ೧೮೦೦ನೆಯ ಇಸವಿಯ ಮೇ ತಿಂಗಳಿನಲ್ಲಿ ಜೇಮ್ಸ್ ಹ್ಯಾಡ್‌ಫೀಲ್ಡ್ ಎಂಬ ಹಳೆಯ ಸೈನಿಕನು ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯಲ್ಲಿ ಮೂರನೆಯ ಜಾರ್ಜ್ ದೊರೆಯ ಮೇಲೆ ಪಿಸ್ತೂಲು ಹಾರಿಸಿದನು. ಗುಂಡು ದೊರೆಗೆ ತಗಲಲಿಲ್ಲ. ಯುದ್ಧದಲ್ಲಿ ತಲೆಗೆ ಗಾಯವಾಗಿ ಇವನ ಬುದ್ಧಿ ಕೆಟ್ಟಿದ್ದಿತು. ಆದಕಾರಣ ನ್ಯಾಯಸ್ಥಾನವು ಇವನನ್ನು ನಿರ್ದೋಷಿಯೆಂದಿತು. ಆದರೆ ಇಂತಹವನನ್ನು ಬೀದಿಗೆ ಬಿಡುವುದೂ ತರವಲ್ಲವೆಂದು, ದೊರೆಯ ಚಿತ್ತವಿರುವವರೆಗೂ ಸೆರೆಯಲ್ಲಿಡುವಂತೆ ಅದೇ ವರ್ಷ ಶಾಸನವಾಯಿತು. ೧೮೧೬ರಲ್ಲಿ ಇಂತಹವರಿಗಾಗಿ ಲಂಡನ್ನಿನ ಬೆತ್ಲೆಮ್ ಚಿಕಿತ್ಸಾಲಯದಲ್ಲಿ ಪ್ರತ್ಯೇಕ ವಿಭಾಗವು ಏರ್ಪಟ್ಟಿತು. ೧೮೪೩ರಲ್ಲಿ ಪ್ರಧಾನಮಂತ್ರಿ ಪೀಲನ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದ ಡೇನಿಯಲ್ ಮೆಕ್ನಾಟನ್ನನೂ ಉನ್ಮತ್ತನೆಂಬ ಕಾರಣದಿಂದ ಬಿಡುಗಡೆಹೊಂದಿ ಅಲ್ಲಿಗೇ ಬಂದನು. ಸ್ಥಳವು ಸಾಲದೆ, ೧೮೬೦ರ ಶಾಸನದ ಮೇರೆಗೆ ಬರ್ಕ್‌ಷೈರ್ ಪ್ರಾಂತದ ಕ್ರೋಥಾರ್ನ್ ಗ್ರಾಮದ ಬಳಿ ಬ್ರಾಡ್‌ಮೂರ್ ಆಲಯವನ್ನು ಕಟ್ಟಲಾಯಿತು. ೧೮೬೩ರಲ್ಲಿ ಮೊದಲು ಸ್ತ್ರೀಯರೂ, ಮರುವರ್ಷ ಪುರುಷರೂ ಅಲ್ಲಿಗೆ ಬಂದರು.

ನಿರ್ದೋಷಿಯೆಂದು ತೀರ್ಪು ಹೇಳುವುದು ನ್ಯಾಯಾಧೀಶನಿಗೆ ಒಂದು ದಿನದ ಕೆಲಸ. ಆ ತೀರ್ಪನ್ನು ಹಗಲಿರುಳೂ ನಂಬಿ ನಡೆಯುವುದು ಪರಿಚಾರಕನ ಕೆಲಸ. ನಂಬಿಕೆಗೆ ಅಪಾಯವೂ ಇಲ್ಲದಿರಲಿಲ್ಲ. ಆಲಯದ ಮೊದಲನೆಯ ಅಧ್ಯಕ್ಷನಾದ ವೈದ್ಯ ಜಾನ್ ಮೇಯರನು ೧೮೬೬ರಲ್ಲಿ ದೇವಾಲಯದೊಳಗೆ ಪ್ರಾರ್ಥನೆಯ ಸಮಯದಲ್ಲಿ ರೋಗಿಯೊಬ್ಬನಿಂದ ಕಲ್ಲಿನ ಪೆಟ್ಟು ತಿಂದನು. ಅವನ ತರುವಾಯ ಬಂದ ವಿಲಿಯಂ ಆರೆಂಜನಿಗೂ ೧೮೮೨ರಲ್ಲಿ ಅದೇ ಗತಿಯಾಯಿತು. ಆ ಪೆಟ್ಟಿನಿಂದ ಪೂರ್ಣವಾಗಿ ಚೇತರಿಸಿಕೊಳ್ಳಲಾರದೆ ೧೮೮೬ರಲ್ಲಿ ನಿವೃತ್ತನಾದನು. ಅಧ್ಯಕ್ಷರಿಗೇ ಹೀಗಾದ ಮೇಲೆ, ರೋಗಿಗಳ ನಡುವೆಯೇ ಹೊತ್ತು ಕಳೆಯುವ ಪರಿಚಾರಕರ ಎದೆಯಲ್ಲಿ ಭಯವು ಎಷ್ಟಿದ್ದಿರಬೇಕು! ಆದರೂ ಆ ಭಯವನ್ನು ಮುಖದಲ್ಲಿ ತೋರುವಂತಿಲ್ಲ; ತೋರಿದರೆ ರೋಗಿಯ ಶಂಕೆಯು ಇಮ್ಮಡಿಯಾಗುವುದು.

ಭಯಕ್ಕಿಂತಲೂ ಕಠಿನವಾದುದು ಅನುರಾಗ. ಇದಕ್ಕೆ ವಿದ್ವಾಂಸರಿಗೆ ಪರಿಚಿತನಾದ ವಿಲಿಯಂ ಚೆಸ್ಟರ್ ಮೈನರನೇ ಸಾಕ್ಷಿ. ಅಮೆರಿಕದ ಸೇನಾವೈದ್ಯನಾಗಿದ್ದ ಇವನು ೧೮೭೨ರಲ್ಲಿ ಲಂಡನ್ನಿನ ಲ್ಯಾಂಬೆತ್ ಎಂಬಲ್ಲಿ ಏನೂ ಅರಿಯದ ಕೂಲಿಯೊಬ್ಬನನ್ನು ಗುಂಡಿಟ್ಟು ಕೊಂದು ಬ್ರಾಡ್‌ಮೂರಿಗೆ ಬಂದನು. ಅವನಿಗೆ ಎರಡು ಕೋಣೆಗಳನ್ನೂ ಪುಸ್ತಕಗಳನ್ನೂ ಅನುಮತಿಸಲಾಯಿತು. ಅಲ್ಲಿಯೇ ಕುಳಿತು ಹಳೆಯ ಗ್ರಂಥಗಳಿಂದ ಶಬ್ದಪ್ರಯೋಗಗಳನ್ನು ಆಯ್ದು, ಆಕ್ಸ್‌ಫರ್ಡಿನ ಮಹಾನಿಘಂಟಿನ ಸಂಪಾದಕನಾದ ಜೇಮ್ಸ್ ಮರ್ರೆಗೆ ಸಹಸ್ರಗಟ್ಟಲೆಯಾಗಿ ಕಳುಹಿಸಿದನು. ಹಗಲಿನಲ್ಲಿ ಇಂತಹ ಪಂಡಿತ; ರಾತ್ರಿಯಾದರೆ, ದುಷ್ಟರು ಕೋಣೆಗೆ ನುಗ್ಗಿ ತನ್ನನ್ನು ಪೀಡಿಸುವರೆಂದು ಗೋಳಿಡುವವನು. ಅವನ ದೂರನ್ನು ಕೇಳತಕ್ಕವನು ನಿಜವೆನ್ನುವಂತಿಲ್ಲ, ಸುಳ್ಳೆಂದು ನಗುವಂತೆಯೂ ಇಲ್ಲ. ಮೂವತ್ತು ವರ್ಷಗಳ ವಾಸದ ಮೇಲೆ, ೧೯೦೨ರಲ್ಲಿ, ಅವನು ತನ್ನ ಬಳಿಯಿದ್ದ ಚಾಕುವಿನಿಂದ ತನ್ನ ದೇಹವನ್ನೇ ಛೇದಿಸಿಕೊಂಡನು. ಚಾಕುವನ್ನು ಅವನ ಬಳಿ ಬಿಟ್ಟುದು ವಿಶ್ವಾಸದ ಫಲ. ಆ ವಿಶ್ವಾಸವೇ ಅನರ್ಥಕ್ಕೆ ದಾರಿಯಾಯಿತು. ೧೯೧೦ರಲ್ಲಿ ಗೃಹಮಂತ್ರಿಯಾಗಿದ್ದ ಚರ್ಚಿಲ್ಲನ ಆಜ್ಞೆಯಂತೆ ಅವನನ್ನು ಸ್ವದೇಶಕ್ಕೆ ಕಳುಹಿಸಲಾಯಿತು.

ಜಾಗರೂಕತೆಯು ತಪ್ಪಿದರೆ ಹೊರಗಿನವರಿಗೂ ಕೇಡು. ೧೯೫೨ರಲ್ಲಿ ರೋಗಿಯೊಬ್ಬನು ಗೋಡೆಯನ್ನು ಹಾರಿ ಹೋಗಿ, ಕೆಲವೇ ಗಂಟೆಗಳೊಳಗೆ ಐದು ವರ್ಷದ ಬಾಲಿಕೆಯನ್ನು ಕೊಂದನು. ಆ ಮೇಲೆ ಸುತ್ತಲ ಊರುಗಳಲ್ಲಿ ಎಚ್ಚರಿಕೆಯ ಕಹಳೆಯಂತ್ರಗಳನ್ನು ಸ್ಥಾಪಿಸಿದರು.

ಇಲ್ಲಿ ಭರ್ತೃಶಬ್ದವು ವಿಚಾರಣೀಯವಾಗಿದೆ. ಪೋಷಿಸುವವನು, ಒಡೆಯನು ಎಂದು ಅದರ ಅರ್ಥ. ಪ್ರಾಚೀನರ ಗೃಹದಲ್ಲಿ ರೋಗಿಯೇ ಒಡೆಯನಾದಲ್ಲಿ ಪರಿಚಾರಕನಿಗೆ ಒಡೆಯನು ಒಬ್ಬನೇ. ಬ್ರಾಡ್‌ಮೂರಿನಲ್ಲಾದರೋ ವೇತನವನ್ನು ಕೊಡುವ ಒಡೆಯನು ಸರ್ಕಾರ, ಅನುರಾಗಕ್ಕೆ ಪಾತ್ರನಾಗತಕ್ಕವನು ರೋಗಿ. ಒಬ್ಬನು ಕಾವಲನ್ನು ಬೇಡುವನು, ಮತ್ತೊಬ್ಬನು ಕರುಣೆಯನ್ನು. ೧೯೪೮ರ ಶಾಸನವು 'ಅಪರಾಧಿ ಉನ್ಮತ್ತ' ಎಂಬ ಹೆಸರನ್ನು ತೆಗೆದುಹಾಕಿತು. ೧೯೪೯ರಲ್ಲಿ ಆಲಯವು ಗೃಹಮಂತ್ರಿಯ ಕೈಬಿಟ್ಟು ಆರೋಗ್ಯ ಇಲಾಖೆಯ ಕಡೆಗೆ ಬಂದಿತು. ಹೀಗಿದ್ದರೂ ಅಲ್ಲಿನ ಶುಶ್ರೂಷಕರು ಸೆರೆಮನೆಯ ಅಧಿಕಾರಿಗಳ ಸಂಘದಲ್ಲಿಯೇ ಸದಸ್ಯರಾಗಿದ್ದುದು ಈ ದ್ವಂದ್ವಕ್ಕೆ ಗುರುತಾಗಿದೆ. ಅದೇ ೧೯೪೯ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಮನೋವೈದ್ಯನಾದ ಡೊನಾಲ್ಡ್ ವಿನಿಕಾಟನು, ಉನ್ಮಾದರೋಗಿಗಳನ್ನು ನೋಡಿಕೊಳ್ಳುವವರಲ್ಲಿ ದ್ವೇಷವೂ ಹುಟ್ಟುವುದೆಂದೂ, ಅದನ್ನು ಮರೆಮಾಚದೆ ಅರಿತುಕೊಳ್ಳಬೇಕೆಂದೂ ಧೈರ್ಯವಾಗಿ ಹೇಳಿದನು.

ಈ ಮಾತು ಚರಕಮತಕ್ಕೆ ವಿರೋಧವಲ್ಲ. ದ್ವೇಷವೇ ಹುಟ್ಟದ ಎಡೆಯಲ್ಲಿ ಅನುರಾಗವು ಸುಲಭ. ಅದಕ್ಕೆ ವಿಧಿಯು ಬೇಕಿಲ್ಲ. ಆಚಾರ್ಯರು ಅದನ್ನು ಉಪಚಾರಜ್ಞಾನ, ದಕ್ಷತೆಗಳ ಪಂಕ್ತಿಯಲ್ಲಿ ಸೇರಿಸಿರುವುದರಿಂದ, ಅದೂ ಅಭ್ಯಾಸದಿಂದ ಸಾಧಿಸತಕ್ಕ ಗುಣವೆಂದು ತಿಳಿಯಬಹುದು. ಬ್ರಾಡ್‌ಮೂರಿನ ದಾಖಲೆಗಳಲ್ಲಿ ಕೊಲೆಗಾರರ ಹೆಸರುಗಳು ಪ್ರಸಿದ್ಧವಾಗಿವೆ, ಅಧ್ಯಕ್ಷರ ಹೆಸರುಗಳೂ ಉಳಿದಿವೆ. ಮೈನರನ ಕೋಣೆಯ ಬಾಗಿಲನ್ನು ರಾತ್ರಿ ಹಾಕಿ ಬೆಳಗ್ಗೆ ತೆರೆದವರ ಹೆಸರನ್ನು ಮಾತ್ರ ಯಾರೂ ಕೇಳುವುದಿಲ್ಲ. ಆ ಮಹಾನಿಘಂಟಿನ ಪುಟಗಳಲ್ಲಿ ಅವರ ಋಣವೂ ಸೇರಿದೆ.